ಕೊನೆಯ ಎರಡು ಬಾಲು

6 ಅಕ್ಟೋಬರ್ 2024, ಆದಿತ್ಯವಾರ, ಮಧ್ಯಾಹ್ನ 2 ಗಂಟೆ

ಗ್ಯಾಲರಿಯಲ್ಲಿ ಕಿಕ್ಕಿರಿದು ನೆರೆದಿರುವ ಮಹನೀಯರೇ, ಮಹಿಳೆಯರೇ, ದೇಶವಿದೇಶಗಳಿಂದ ಬಂದ ಪತ್ರಕರ್ತ ಬಂಧುಗಳೇ, ಅನ್ನ ಆರಲು ಬಿಟ್ಟು ಟಿವಿಯ ಮುಂದೆ ಕುಳಿತಿರುವ ಅಸಂಖ್ಯಾತ ಅಭಿಮಾನಿಗಳೇ — ಕಾಪುವಿನ ಫ್ಲೆಕ್ಸ್ ಅಂಗಡಿಯ ಮಾಲಕ, ಕನ್ನಡ ಮಾಧ್ಯಮದ ಬಿ.ಎ., ವಯಸ್ಸು ನಲವತ್ತಾರು, ಶ್ರೀಯುತ ಶೇಖರ ಇವರು ಇಂದು ಮಣಿಪಾಲದಲ್ಲಿ ನಡೆದ ಹಿರಿಯರ ಟೆನಿಸ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ 8–1ರಿಂದ ಸೋತರೆಂದು ತಿಳಿಸಲು ವಿಷಾದಿಸುತ್ತೇವೆ. ಆ ಒಂದು ಗೇಮ್ ಬಂದದ್ದು ಎದುರಾಳಿಗೆ ಫೋನ್ ಬಂದಾಗ.

ಹದಿನಾಲ್ಕನೇ ಟೂರ್ನಮೆಂಟು. ಹದಿನಾಲ್ಕೂ ಮೊದಲ ಸುತ್ತು. ಮೊದಲು ಮೂವತ್ತೈದು ಮೇಲ್ಪಟ್ಟವರಲ್ಲಿ ಸೋಲುತ್ತಿದ್ದೆ, ಈಗ ನಲವತ್ತೈದು ಮೇಲ್ಪಟ್ಟವರಲ್ಲಿ. ಸೋಲಿಗೂ ಪ್ರಮೋಷನ್ ಉಂಟು.

ಸರ್ವೀಸು ನೆಟ್ಟಿಗೆ, ಬೆವರು ಹೊಟ್ಟೆಗೆ,
ಬಿದ್ದದ್ದು ಒಂದೇ ಶೇಖರನ ಬುಟ್ಟಿಗೆ.

ಮನೆಗೆ ಬಂದಾಗ ಸುಗಂಧಿ ಬಂಗುಡೆ ಮೀನು ಕಾಯಿಸುತ್ತಿದ್ದಳು. ತಿರುಗಿಯೂ ನೋಡಲಿಲ್ಲ.
"ಎಷ್ಟು?"
"ಎಂಟು ಒಂದು."
"ಹೋದ ಸಲ ಎಂಟು ಸೊನ್ನೆ ಅಲ್ವಾ? ಒಳ್ಳೇದಾಯ್ತು. ಇದೇ ಲೆಕ್ಕದಲ್ಲಿ ಹೋದರೆ ಅರವತ್ತಕ್ಕೆ ಗೆಲ್ಲಬಹುದು."

ಹೆಂಡತಿಯಲ್ಲ, ಕಾಮೆಂಟೇಟರ್.

ನನಗೆ ಟ್ರೋಫಿ ಬೇಡ. ಗೋಡೆಗೆ ಡ್ರಾ ಶೀಟ್, ಯಾರಿಗೆ ಯಾರು ಎದುರು ಎಂಬ ಚೌಕಗಳ ಪಟ್ಟಿ, ಅಂಟಿಸಿರುತ್ತಾರಲ್ಲ — ಗೆದ್ದವನ ಹೆಸರನ್ನು ಮುಂದಿನ ಸುತ್ತಿನ ಮನೆಯಲ್ಲಿ ಪೆನ್ನಿನಿಂದ ಬರೆಯುತ್ತಾರೆ. ಆ ಎರಡನೇ ಮನೆಯಲ್ಲಿ ನನ್ನ ಹೆಸರು. ಒಂದೇ ಒಂದು ಸಲ. ಸಾಕು.

9 ಅಕ್ಟೋಬರ್, ಬುಧವಾರ, ಬೆಳಿಗ್ಗೆ 8.10

ಆರಕ್ಕೆ ಉಡುಪಿಯ ಟೆನಿಸ್ ಕ್ಲಬ್ಬು. ಕಿಟ್ಟಣ್ಣ ಆಗಲೇ ಕೋರ್ಟಿಗೆ ನೀರು ಹಾಕಿ, ಸುಣ್ಣದ ಗೆರೆ ಎಳೆದು, ನೆಟ್ ಬಿಗಿದು ನಿಂತಿದ್ದರು. ಅಲ್ಲಿನ ಮಾರ್ಕರ್ ಕೆಲಸದಿಂದ ನಿವೃತ್ತರಾಗಿ ಏಳು ತಿಂಗಳು. ಕ್ಲಬ್ಬಿನವರು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಗೇಟಿನ ಕೀಲಿ ಕೇಳಲು ಮರೆತರು. ಹೊಸ ಮಾರ್ಕರ್ ಏಳುವುದೇ ಏಳಕ್ಕೆ. ಆರರಿಂದ ಏಳು — ಅರವತ್ತೊಂದರ ಕಿಟ್ಟಣ್ಣ, ನಲವತ್ತಾರರ ನಾನು, ಎರಡು ಕಾಗೆ.

ಮಾರ್ಕರ್ ಎಂದರೆ ಕ್ಲಬ್ಬಿನ ಸಂಬಳದ ಆಟಗಾರ. ಕೋರ್ಟು ಗುಡಿಸುವುದು, ಗೆರೆ ಎಳೆಯುವುದು, ಜತೆ ಸಿಗದ ಮೆಂಬರರೊಂದಿಗೆ ಆಡುವುದು. ಕೆಮ್ಮಣ್ಣು ಊರಿನ ಮೀನುಗಾರರ ಮನೆಯ ಕಿಟ್ಟಣ್ಣ ನಲವತ್ತು ವರ್ಷ ಅದನ್ನು ಮಾಡಿದರು. ಜಿಲ್ಲೆಯಲ್ಲಿ ಅವರಷ್ಟು ಚೆಂದದ ಬ್ಯಾಕ್‌ಹ್ಯಾಂಡ್ ಇನ್ನೊಂದಿಲ್ಲ. ಕ್ಲಬ್ಬಿನ ನಿಯಮ: ನೌಕರರು ಟೂರ್ನಮೆಂಟಿಗೆ ಹೆಸರು ಕೊಡುವಂತಿಲ್ಲ.

ನಾಲ್ಕು ವರ್ಷದ ಹಿಂದೆ ಕ್ಲಬ್ಬಿನ ಕಾಂಪೌಂಡಿಗೆ ಫ್ಲೆಕ್ಸ್ ಕಟ್ಟಲು ಹೋದವ ನಾನು. ಏಣಿಯ ಮೇಲಿದ್ದೆ. ಚೆಂಡು ಬಂದು ಬೆನ್ನಿಗೆ ಬಡಿಯಿತು. ಎತ್ತಿ ಎಸೆದೆ. ಕೆಳಗಿನಿಂದ ದನಿ: "ಕೈ ಒಳ್ಳೆದುಂಟು ಮಾರಾಯ. ನಾಳೆ ಬೆಳಿಗ್ಗೆ ಬಾ." ಮೆಂಬರರಿಗೆಲ್ಲ 'ಸರ್' ಎನ್ನುವವರು ನನಗೆ ಮೊದಲ ದಿನವೇ 'ನೀನು' ಎಂದರು. ಸಂತೋಷಕ್ಕೆ ಏಣಿಯಿಂದ ಬೀಳುವುದೊಂದು ಬಾಕಿ.

27 ಅಕ್ಟೋಬರ್, ಆದಿತ್ಯವಾರ

ಇವತ್ತು ಪಾಠ — ಗೆರೆಯದ್ದು. ಸಣ್ಣ ಟೂರ್ನಮೆಂಟುಗಳಲ್ಲಿ ಮೊದಲ ಸುತ್ತಿಗೆ ಅಂಪೈರ್ ಇರುವುದಿಲ್ಲ. ನನ್ನ ಬದಿಗೆ ಬಿದ್ದ ಚೆಂಡು ಒಳಗೋ ಹೊರಗೋ, ನಾನೇ ಹೇಳಬೇಕು. ಎದುರಿನವನು ಒಪ್ಪಬೇಕು.

"ಸಂಶಯ ಬಂದರೆ ಬಾಲು ಅವನದ್ದು," ಎಂದರು ಕಿಟ್ಟಣ್ಣ. "ತೀರಾ ಬೇಕಾದರೆ ಬಾಲು ತೆಗೆದು ನೋಡು. ಸುಣ್ಣ ಹತ್ತಿದ್ದರೆ ಒಳಗೆ. ಸುಣ್ಣ ಸುಳ್ಳು ಹೇಳುವುದಿಲ್ಲ."
"ನಿಮ್ಮ ಸಾಹೇಬರುಗಳು ಹೇಳ್ತಿದ್ದರಾ?"
ನಕ್ಕರು. "ಒಬ್ಬರಿದ್ದರು ಮಾರಾಯ. ನಾನು ಹೊಡೆದದ್ದೆಲ್ಲ ಅವರಿಗೆ ಔಟ್. ಒಂದು ಮಾರು ಒಳಗೆ ಬಿದ್ದರೂ ಔಟ್. ನಾನು 'ಸರಿ ಸರ್' ಹೇಳುವುದು. ಕೊನೆಗೆ ಎರಡು ಬಾಲು ನೆಟ್ಟಿಗೆ ಹೊಡೆಯುವುದು."
"ನೆಟ್ಟಿಗೆ ಯಾಕೆ?"
"ಅವರು ಸೋತರೆ ಮರುದಿನ ಬರುವುದಿಲ್ಲ. ಸಿಟ್ಟು ಬೇರೆ. ಆದರೆ ಸುಮ್ಮನೆ ಹೊಡೆದರೆ ಗೊತ್ತಾಗ್ತದೆ ನೋಡು. ಓಡಿ, ಬೆವರಿ, ಛೆ ಅಂತ ತೊಡೆಗೆ ಬಡಿದು — ಹಾಗೆ ನೆಟ್ಟಿಗೆ ಹೊಡೆಯಬೇಕು. ಅದು ಬ್ಯಾಕ್‌ಹ್ಯಾಂಡಿಗಿಂತ ಕಷ್ಟ."

ಮಾಡಿಯೂ ತೋರಿಸಿದರು. ಓಡಿದರು, ಹೊಡೆದರು, ನೆಟ್ಟಿಗೆ. ತೊಡೆಗೆ ಬಡಿದರು. ನಾನು ಹೊಟ್ಟೆ ಹಿಡಿದು ನಕ್ಕೆ. ಅವರೂ ನಕ್ಕರು. ಆಮೇಲೆ ನೆಟ್ಟಿನ ಬುಡದಿಂದ ಬಾಲು ಹೆಕ್ಕಿ ತಂದು ಬುಟ್ಟಿಗೆ ಹಾಕಿದರು.

10 ನವೆಂಬರ್, ಆದಿತ್ಯವಾರ

ಒಪ್ಪಿದರು.

ಒಂದು ತಿಂಗಳಿಂದ ಗಂಟುಬಿದ್ದಿದ್ದೆ. ಡಿಸೆಂಬರ್ 15, ಕಾರ್ಕಳ, ಮಣ್ಣಿನ ಕೋರ್ಟು, ನಲವತ್ತೈದು ಮೇಲ್ಪಟ್ಟವರು. ನಿವೃತ್ತರಿಗೆ ಯಾವ ನಿಯಮವೂ ಇಲ್ಲ. "ಆ ಪ್ರಾಯದವರ ಎದುರು ನಾನೆಂತ ಆಡುವುದು, ಮಂಡಿ ಕೇಳಬೇಕಲ್ಲ," ಎನ್ನುತ್ತಿದ್ದವರು ಇವತ್ತು ನೆಟ್ ಬಿಚ್ಚುತ್ತ, ನನ್ನ ಮುಖ ನೋಡದೆ, "ಪೂರ್ತಿ ಹೆಸರು ಬರೀತಾರಾ ಶೇಖರ, ಆ ಗೋಡೆಯ ಕಾಗದದಲ್ಲಿ?" ಎಂದು ಕೇಳಿದರು.

"ಮತ್ತೆ?"
"ಕಿಟ್ಟ ಅಂತ ಬೇಡ ಹಾಗಾದರೆ. ಕೃಷ್ಣ ಕರ್ಕೇರ ಅಂತ ಕೊಡು."

ನಾಲ್ಕು ವರ್ಷದಲ್ಲಿ ಅವರ ಹೆಸರು ಕೃಷ್ಣ ಎಂದು ನನಗೆ ಗೊತ್ತೇ ಇರಲಿಲ್ಲ.

12 ನವೆಂಬರ್

ಅಂಗಡಿಯಲ್ಲಿ ಬಿಳಿ ಟೀ ಶರ್ಟಿನ ಬೆನ್ನಿಗೆ ಪ್ರಿಂಟ್ ಹಾಕಿದೆ — ಕೃಷ್ಣ ಕರ್ಕೇರ. ಮೂರು ಸಲ ಹಾಕಿ ನೋಡಿದೆ, ಅಕ್ಷರ ಸೊಟ್ಟ ಬರಬಾರದು. ಕೊಟ್ಟಾಗ ಮಡಚಿದ್ದನ್ನು ಬಿಡಿಸಲೇ ಇಲ್ಲ. ಬೆರಳಿನಿಂದ ಅಕ್ಷರಗಳನ್ನು ತಡವಿ ಚೀಲಕ್ಕೆ ಹಾಕಿಕೊಂಡರು.

ಕೃಷ್ಣನ ರಾಕೆಟು, ಕರ್ಕೇರರ ಏಟು,
ಎದುರು ಬಂದವನಿಗೆ ಮನೆಗೆ ಟಿಕೇಟು.

ಓದಿ ಹೇಳಿದೆ. "ಹುಚ್ಚ," ಎಂದರು.

13 ಡಿಸೆಂಬರ್, ಶುಕ್ರವಾರ, ಸಂಜೆ

ಡ್ರಾ ಬಂತು. ಆಯೋಜಕ ಹರ್ಷಿತ್ ವಾಟ್ಸಾಪಿನಲ್ಲಿ ಹಾಕಿದ. ಮೊದಲ ಸುತ್ತು, ಎರಡನೇ ಕೋರ್ಟು, ಎಂಟೂವರೆ: ಶೇಖರ, ಕಾಪು — ಕೃಷ್ಣ ಕರ್ಕೇರ, ಕೆಮ್ಮಣ್ಣು.

ಮೂವತ್ತೆರಡು ಜನರಲ್ಲಿ ಇವರೇ.

ಫೋನ್ ಮಾಡಿದೆ. ಆ ಕಡೆ ಒಂದು ನಿಮಿಷ ಬರೀ ನಗು. ಮತ್ತೆ ಗಂಭೀರ.
"ಶೇಖರ, ಒಂದು ಮಾತು. ನಾನು ನೆಟ್ಟಿಗೆ ಹೊಡೆಯುವುದಿಲ್ಲ. ನೀನೂ ಹೊಡೆಯಬಾರದು."
"ನಾನು ಬೇಕಂತ ಹೊಡೆಯಬೇಕಾ ಕಿಟ್ಟಣ್ಣ? ಅದಾಗಿಯೇ ಹೋಗ್ತದೆ."
"ತಮಾಷೆ ಅಲ್ಲ. ಇದೊಂದು ಆಟ ಸರಿಯಾದ ಆಟ ಆಗಲಿ."

ಆಗಲಿ.

15 ಡಿಸೆಂಬರ್ 2024, ಆದಿತ್ಯವಾರ, ಸಂಜೆ 5

ಅಭಿಮಾನಿಗಳೇ. ಗೆದ್ದೆ. 9–8.

ವರದಿ: ಬಿಸಿಲು ಚೆನ್ನಾಗಿತ್ತು. ಕಿಟ್ಟಣ್ಣ ಟೀ ಶರ್ಟ್ ಹಾಕಿ ಬಂದಿದ್ದರು, ಕೂದಲಿಗೆ ಎಣ್ಣೆ ಹಾಕಿ ಬಾಚಿದ್ದರು, ಮದುವೆಗೆ ಹೊರಟವರ ಹಾಗೆ. ಗೋಡೆಯ ಕಾಗದದ ಮುಂದೆ ನಿಂತು ಹೆಸರು ನೋಡಿದರು. ಓದಿದರು. ಮತ್ತೆ ಓದಿದರು. ಆಟ ಶುರು. ಅವರು 5–2 ಮುಂದೆ. ಅವರ ಮಂಡಿ ಕೈಕೊಟ್ಟಿತು, ನಾನು ಓಡಿಸಿದೆ, 8–8. ಟೈಬ್ರೇಕ್ — ಮೊದಲು ಏಳು ಪಾಯಿಂಟ್ ಮಾಡಿದವನಿಗೆ ಪಂದ್ಯ, ಎರಡರ ಅಂತರ ಬೇಕು. ಅವರದ್ದು ಆರು, ನನ್ನದು ಐದು. ಅವರಿಗೆ ಮ್ಯಾಚ್ ಪಾಯಿಂಟ್. ಬ್ಯಾಕ್‌ಹ್ಯಾಂಡ್, ನನ್ನ ಎಡ ಮೂಲೆಗೆ. ಮುಟ್ಟಲಾಗಲಿಲ್ಲ. ಹೊರಗೆ. ಔಟ್ ಎಂದೆ. ಅವರು "ಸರಿ ಸರ್" ಎಂದರು. ಆರು–ಆರು. ಮುಂದಿನೆರಡು ಪಾಯಿಂಟ್ ನನ್ನದು, ಅವರ ಹೊಡೆತ ನೆಟ್ಟಿಗೆ ಹೋಯಿತು. ಎರಡೂ. ಕೈ ಕುಲುಕಿದರು. "ಕಂಗ್ರಾಟ್ಸ್ ಸರ್."

ಸರ್ — ತಮಾಷೆಗೆ ಇರಬೇಕು.

ಆಮೇಲೆ ಅಭ್ಯಾಸಬಲ. ಆಟ ಮುಗಿದ ಮೇಲೆ ಕೋರ್ಟು ಗುಡಿಸುವುದು ಆಟಗಾರನ ಕೆಲಸವಲ್ಲ, ಆದರೂ ಮೂಲೆಯಲ್ಲಿದ್ದ ನಾರಿನ ಚಾಪೆಗೆ ಹಗ್ಗ ಸಿಕ್ಕಿಸಿ ಎಳೆಯತೊಡಗಿದರು. "ಬಿಡಿ ಕಿಟ್ಟಣ್ಣ," ಎಂದೆ. ಕೇಳಲಿಲ್ಲ. ಆ ಎಡ ಮೂಲೆಗೆ ಬಂದಾಗ ನಿಂತರು. ಕೆಳಗೆ ನೋಡಿದರು. ಮತ್ತೆ ಚಾಪೆ ಎಳೆದರು. ಬೆನ್ನಿನ ಹೆಸರು ಬೆವರಿಗೆ ಅಂಟಿಕೊಂಡಿತ್ತು.

ಜತೆಗೆ ಊಟ ಎಂದು ಮಾತಾಗಿತ್ತು. ಬಸ್ಸು ಉಂಟು ಎಂದು ಹೋದರು.

ಎರಡನೇ ಸುತ್ತಿನಲ್ಲಿ 8–1ರಿಂದ ಸೋತೆ. ಅದು ಬಿಡಿ. ಎರಡನೇ ಮನೆಯಲ್ಲಿ ಹೆಸರು ಬಂತು. ಫೋಟೋ ತೆಗೆದೆ.

ಆ ಚೆಂಡು ಹೇಗೋ ಕಿಟ್‌ಬ್ಯಾಗಿನಲ್ಲಿ ಬಂದುಬಿಟ್ಟಿದೆ. ಅಂಗಡಿಯ ಡ್ರಾಯರಿಗೆ ಹಾಕಿ ಕೀಲಿ ಹಾಕಿದೆ. ಚೆಂಡಿಗೆ ಯಾಕೆ ಕೀಲಿ. ಸುಮ್ಮನೆ.

16 ಡಿಸೆಂಬರ್, ಸೋಮವಾರ

ಬೆಳಿಗ್ಗೆ ಅಂಗಡಿಗೆ ಹೋದರೆ ಎದುರಿನ ಕಂಬದಲ್ಲಿ ಆರು ಅಡಿಯ ನಾನು. ಸುಗಂಧಿಯ ಕೆಲಸ. ನನ್ನದೇ ಮೆಷಿನ್, ನನ್ನದೇ ಶಾಯಿ.

ನಲವತ್ತಾರರಲ್ಲಿ ಮೂಡಿದ ತಾರೆ,
ಕಾಪುವಿನ ಶೇಖರಣ್ಣಗೆ ಜಯಕಾರೆ.

'ಜಯಕಾರೆ' ಎಂಬ ಶಬ್ದ ಇಲ್ಲ. ಪ್ರಾಸಕ್ಕಾಗಿ ಹುಟ್ಟಿದ ಕೂಸು.

"ಹೇಗುಂಟು?" ಎಂದಳು.
"ತೆಗಿ."
"ಹದಿನಾಲ್ಕು ಸಲ ಸೋತು ಬಂದಾಗ ನಾನು ಬಡಿಸಿದ್ದೇನೆ. ಒಂದು ಸಲ ಗೆದ್ದದ್ದು ಊರು ನೋಡಲಿ. ಕಿಟ್ಟಣ್ಣನೂ ನೋಡಲಿ, ಅವರೇ ಅಲ್ವಾ ಕಲಿಸಿದ್ದು?"

ಒಳಗೆ ಹೋಗಿ ಮೆಷಿನ್ ಶುರು ಮಾಡಿದೆ. ಚೆಂಡು ಹೊರಗಿತ್ತು ಎಂದು ಎರಡು ಸಲ ನನಗೆ ನಾನೇ ಹೇಳಿಕೊಂಡೆ. ಯಾರೂ ಕೇಳಿರಲಿಲ್ಲ.

22 ಡಿಸೆಂಬರ್, ಆದಿತ್ಯವಾರ

ಆರಕ್ಕೆ ಹೋದೆ. ಗೇಟಿಗೆ ಬೀಗ. ಏಳೂವರೆಗೆ ಹೊಸ ಮಾರ್ಕರ್ ಬಂದ. ಕಿಟ್ಟಣ್ಣ ಸೋಮವಾರವೇ ಬಂದು ಕೀಲಿ ಒಪ್ಪಿಸಿ ಹೋದರಂತೆ.

ಫೋನ್ ಎತ್ತುತ್ತಿಲ್ಲ.

11 ಜನವರಿ 2025

ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಕಿಟ್ಟಣ್ಣ ಅಂಗಡಿಗೆ ಬಂದು ಹೋಗಿದ್ದರು. ಸುಗಂಧಿಯ ಕೈಯಲ್ಲಿ ಎರಡು ಪ್ಲಾಸ್ಟಿಕ್ ತೊಟ್ಟೆ. ಒಂದರಲ್ಲಿ ಮರುವಾಯಿ, ಕೆಮ್ಮಣ್ಣಿನ ಹೊಳೆಯ ಚಿಪ್ಪುಮೀನು, ತಾಜಾ. ಇನ್ನೊಂದರಲ್ಲಿ ಟೀ ಶರ್ಟ್. ಒಗೆದು, ಇಸ್ತ್ರಿ ಹಾಕಿ, ಹೆಸರು ಒಳಗೆ ಹೋಗುವ ಹಾಗೆ ಮಡಚಿದ್ದು.

"ಸರ್‌ಗೆ ಕೊಡಿ ಅಂದರು," ಎಂದಳು. "ನೀವು ಯಾವಾಗ ಸರ್ ಆದದ್ದು?"

ಮರುವಾಯಿ ಹಾಕಿ ಪುಂಡಿ, ಅಕ್ಕಿ ಕಡುಬು, ಮಾಡಿದ್ದಳು. ತಿನ್ನಲಾಗಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದೆ.

ಕಂಬ ಹತ್ತಿ ಫ್ಲೆಕ್ಸ್ ಬಿಚ್ಚಿದೆ.

23 ಫೆಬ್ರವರಿ, ಆದಿತ್ಯವಾರ

ಕೆಮ್ಮಣ್ಣಿಗೆ ಹೋದೆ. ಹೇಳಿಬಿಡುವುದು ಎಂದು. ಏನು ಹೇಳುವುದು ಎಂದು ಬಸ್ಸಿನಲ್ಲಿ ಕಲಿತುಕೊಂಡೆ, ಪಾಠ ಒಪ್ಪಿಸುವ ಹಾಗೆ.

ಹೊಳೆಯಿಂದ ಬರುತ್ತಿದ್ದರು, ಸೊಂಟದವರೆಗೆ ಒದ್ದೆ. ನನ್ನನ್ನು ಕಂಡು ಚಡ್ಡಿಗೆ ಕೈ ಒರೆಸಿದರು. ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ತಂದು, ಹೆಗಲಿನ ಬೈರಾಸಿನಿಂದ ಒರೆಸಿ, "ಕುಳಿತುಕೊಳ್ಳಿ ಸರ್," ಎಂದರು. ತಾವು ನಿಂತೇ ಇದ್ದರು. ಕ್ಲಬ್ಬಿನಲ್ಲಿ ನಿಲ್ಲುತ್ತಿದ್ದ ಹಾಗೆ — ಕೈ ಹಿಂದೆ ಕಟ್ಟಿ.

"ನೀವೂ ಕುಳಿತುಕೊಳ್ಳಿ ಕಿಟ್ಟಣ್ಣ."
"ಪರವಾಗಿಲ್ಲ ಸರ್."
"ಕೋರ್ಟಿಗೆ ಬರಲಿಲ್ಲ."
"ಮಂಡಿ ನೋವು ಸರ್. ನೀವು ಬಿಡಬೇಡಿ. ನಿಮ್ಮ ಸರ್ವೀಸ್ ಚೆಂದ ಆಗ್ತಾ ಉಂಟು."

ನಾಲ್ಕು ವರ್ಷ ನನ್ನ ಸರ್ವೀಸನ್ನು ಎಮ್ಮೆ ಒದ್ದ ಹಾಗೆ ಉಂಟು ಎಂದು ಬೈದವರು. ಕಲಿತ ಪಾಠ ಪೂರ್ತಿ ಮರೆತುಹೋಯಿತು. ಬಟ್ಟೆ ಬದಲಿಸಲು ಒಳಗೆ ಹೋದರು. ಅವರ ಹೆಂಡತಿ ರತ್ನಾವತಿ ಅಕ್ಕ ಚಹಾ ತಂದಿಟ್ಟು ದನಿ ತಗ್ಗಿಸಿದರು.

"ಆ ಮ್ಯಾಚಿನ ದಿನ ಬಂದವರು ರಾಕೆಟನ್ನು ಅಟ್ಟಕ್ಕೆ ಹಾಕಿದರು. ಇವತ್ತು ರಿಟೈರ್ ಆದೆ ಅಂದರು. ಎಂತ ಆಯ್ತು ಶೇಖರಣ್ಣ? ಸೋತದ್ದಕ್ಕೆ ಬೇಸರವಾ? ಅದು ಹೇಗೆ, ನಲವತ್ತು ವರ್ಷ ಸೋತವರು."
"ಗೊತ್ತಿಲ್ಲ ಅಕ್ಕ," ಎಂದೆ.

ಚಹಾಕ್ಕೆ ಸಕ್ಕರೆ ಹೆಚ್ಚಿತ್ತು. ಪೂರ್ತಿ ಕುಡಿದೆ.

19 ಜೂನ್

ಮಳೆ. ಮಣ್ಣಿನ ಕೋರ್ಟಿಗೆ ಟಾರ್ಪಾಲು. ಶಾಲೆ ಶುರುವಾದ ಫ್ಲೆಕ್ಸುಗಳು. ಬರೆಯಲು ಏನೂ ಇಲ್ಲ.

ಪ್ರಾಸವೂ ಬರುತ್ತಿಲ್ಲ. ಒಬ್ಬರಿಗೆ ಷಷ್ಟ್ಯಬ್ದದ ನಾಲ್ಕು ಸಾಲು ಬೇಕಿತ್ತು, ಹಳೆಯದನ್ನೇ ಹೆಸರು ಬದಲಿಸಿ ಕೊಟ್ಟೆ.

14 ಡಿಸೆಂಬರ್ 2025, ಆದಿತ್ಯವಾರ, ಸಂಜೆ 4

ಕಾರ್ಕಳ. ಅದೇ ಕೋರ್ಟು. ಹೆಸರು ಕೊಟ್ಟಿದ್ದೆ. ಆಡಲಿಕ್ಕಲ್ಲ. ಈ ಸಲ ಕೋರ್ಟು ನೋಡಿಕೊಳ್ಳಲು ಕೆಮ್ಮಣ್ಣಿನಿಂದ ಒಳ್ಳೆಯ ಮಾರ್ಕರ್ ಬರುತ್ತಾರೆ ಎಂದು ಹರ್ಷಿತ್ ಹೇಳಿದ್ದ.

ಡ್ರಾಯರಿನಿಂದ ಚೆಂಡು ತೆಗೆದುಕೊಂಡು ಹೋದೆ. ಮಾತು ಬರದಿದ್ದರೆ ಅದೇ ಹೇಳಲಿ ಎಂದು.

ಬೆಳಿಗ್ಗೆ ಏಳೂಕಾಲು. ಕಿಟ್ಟಣ್ಣ ಒಬ್ಬರೇ. ಬಗ್ಗಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಎರಡನೇ ಕೋರ್ಟು, ಅದೇ ಎಡ ಮೂಲೆ. ಬೇಕೆಂದೇ ಅಲ್ಲ, ಗೆರೆ ಎಂದ ಮೇಲೆ ಮೂಲೆ ಬರಲೇಬೇಕು.

"ಕಿಟ್ಟಣ್ಣ, ಹೋದ ವರ್ಷದ ಬಾಲು," ಎಂದೆ. ಕೈ ಚಾಚಿದೆ.

ತೆಗೆದುಕೊಂಡರು. ಹೆಬ್ಬೆರಳಿನಿಂದ ತಿರುಗಿಸಿದರು. ತಿರುಗಿಸುತ್ತ ಒಂದು ಕಡೆ ನಿಲ್ಲಿಸಿದರು. ನೋಡಿದರು. ಬೈಯಲಿ. ಕೆನ್ನೆಗೆ ಹೊಡೆಯಲಿ. ನೀನು ಎನ್ನಲಿ.

ಚೆಂಡನ್ನು ಚಡ್ಡಿಗೆ ಚೆನ್ನಾಗಿ ಒರೆಸಿದರು. ಬುಟ್ಟಿಗೆ ಹಾಕಿದರು.

"ಹಳೆ ಬಾಲು ಸರ್. ಬೌನ್ಸ್ ಹೋಗಿದೆ. ಪ್ರಾಕ್ಟೀಸಿಗೆ ಆಗ್ತದೆ."
"ಕಿಟ್ಟಣ್ಣ, ನಾನು ಅವತ್ತು —"
"ನಿಮ್ಮ ಮ್ಯಾಚ್ ಒಂದನೇ ಕೋರ್ಟಿನಲ್ಲಿ ಸರ್. ನೀರು ಹಾಕಿಟ್ಟಿದ್ದೇನೆ. ಜಾರುವುದಿಲ್ಲ."

ಮತ್ತೆ ಬಗ್ಗಿದರು. ಗೆರೆ ನೇರ ಬಂತು. ಯಾವಾಗಲೂ ನೇರ.

ಎದುರಾಳಿ ಮಣಿಪಾಲದ ಡಾಕ್ಟರ್ ವಿಕಾಸ್. ಅವರು ಹೊಡೆದದ್ದನ್ನೆಲ್ಲ ಒಳಗೆ ಎಂದೆ. ಬೇಲಿಗೆ ಬಡಿದದ್ದೊಂದನ್ನು ಬಿಟ್ಟು ಎಲ್ಲವನ್ನೂ. ಐದನೇ ಗೇಮಿನಲ್ಲಿ ಪಾಪ ಅವರೇ ನೆಟ್ಟಿನ ಹತ್ತಿರ ಬಂದರು. "ಅದು ಔಟ್ ಇತ್ತಲ್ಲ ಶೇಖರ್? ಒಂದಡಿ ಹೊರಗೆ."
"ಇಲ್ಲ ಡಾಕ್ಟ್ರೇ. ಒಳಗೆ."
"ಹುಷಾರಿದ್ದೀರಲ್ಲ?"

8–0. ಕಿಟ್ಟಣ್ಣ ಪಕ್ಕದ ಕೋರ್ಟಿನಲ್ಲಿ ಚಾಪೆ ಎಳೆಯುತ್ತಿದ್ದರು. ಈ ಕಡೆ ತಿರುಗಲಿಲ್ಲ.

15 ಡಿಸೆಂಬರ್, ಸೋಮವಾರ, ಬೆಳಿಗ್ಗೆ 5.40

ಆರಕ್ಕೆ ಉಡುಪಿ ತಲುಪಬೇಕಾದ ಹೊತ್ತು. ಎಚ್ಚರವಾಗುವುದು ಮಾತ್ರ ತಪ್ಪಿಲ್ಲ.

ಗ್ಯಾಲರಿಯಲ್ಲಿ ನೆರೆದಿರುವ ಮಹನೀಯರೇ —

ಇಲ್ಲ. ಗ್ಯಾಲರಿ ಇಲ್ಲ. ಯಾರೂ ಇಲ್ಲ. ಕೇಳಬೇಕಾದವರು ಒಬ್ಬರೇ, ಅವರು ಕೇಳುವುದಿಲ್ಲ.

ಚೆಂಡು ಒಳಗಿತ್ತು.

ಗೆರೆಯ ಮೇಲೆಯೇ ಬಿತ್ತು. ಸುಣ್ಣ ಹಾರಿದ್ದನ್ನು ನೋಡಿದೆ. ನೋಡಿದ ಮೇಲೆ ಹೇಳಿದೆ. ಕಣ್ಣು ತಪ್ಪಿದ್ದಲ್ಲ, ಸಂಶಯ ಬಂದದ್ದೂ ಅಲ್ಲ. ಎರಡನೇ ಮನೆಯಲ್ಲಿ ಕೃಷ್ಣ ಕರ್ಕೇರ ಎಂದು ಬರೆಯುವುದು ಕಣ್ಣಿಗೆ ಕಟ್ಟಿತು. ಅಷ್ಟೇ. ಅಷ್ಟಕ್ಕೇ.

ಒಂದು ಸಂಗತಿ ಅವತ್ತಿನ ವರದಿಯಲ್ಲಿ ಬರೆದಿಲ್ಲ. ಚೆಂಡು ಬಿದ್ದಾಗ ಕಿಟ್ಟಣ್ಣ ಗೆರೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ನಗುತ್ತಿದ್ದರು. ಗೆದ್ದವರ ನಗು ಅಲ್ಲ ಅದು, ನಾನು ಒಳಗೆ ಎಂದೇ ಹೇಳುತ್ತೇನೆ ಎಂದು ಗೊತ್ತಿದ್ದವರದ್ದು. ರಾಕೆಟು ಎಡಗೈಗೆ ಬದಲಿಸಿಯೂ ಆಗಿತ್ತು, ಕೈ ಕುಲುಕಲು. ಆ ನಗು ಇನ್ನೂ ಮುಖದ ಮೇಲೆ ಇರುವಾಗಲೇ ನಾನು —